ವಾಪಸ್ ಬರುತ್ತೀರಾ?

ಬ್ಯಾಂಕಿನಿಂದ ನಿವೃತ್ತನಾದ 2019ರಲ್ಲಿ ಒಂದು ಬೆಳಿಗ್ಗೆ ಮುಂಬಯಿಯ ಬಾಂದ್ರಾ-ಕುರ್ಲಾದಲ್ಲಿರುವ ಅಮೆರಿಕನ್ ಕಾನ್ಸುಲೇಟಿನ ಮುಂದೆ ನಾನೂ ನನ್ನಾಕೆಯೂ ಸಾಲಿನಲ್ಲಿ ನಿಂತಿದ್ದೆವು. ಮಗಳ ಹೆರಿಗೆ ಹೊತ್ತಿಗೆ ಅಲ್ಲಿರಬೇಕೆಂದು ಹೊರಟವರು. ಬೆರಳಚ್ಚು, ಫೋಟೋ ಮೊದಲೇ ಮುಗಿದಿತ್ತು. ಕೈಯಲ್ಲಿ ದಪ್ಪ ಫೈಲು: ಪೆನ್ಷನ್ ಪತ್ರ, ಎಫ್.ಡಿ. ರಸೀದಿ, ಕುಂದಾಪುರದ ಜಾಗದ ಪಹಣಿ.

ಇಷ್ಟೆಲ್ಲ ಯಾಕೆ ಅಂತೀರಾ? ಅಮೆರಿಕದ ವಲಸೆ ಕಾಯ್ದೆಯಲ್ಲಿ 214(ಬಿ) ಅಂತ ಒಂದು ಕಲಮು ಇದೆ. ಪ್ರವಾಸಿ ವೀಸಾ ಕೇಳುವವನು ಅಲ್ಲೇ ನೆಲೆಸಲು ಹೊರಟವನು ಎಂದೇ ಮೊದಲು ಭಾವಿಸಬೇಕು. ಅಲ್ಲವೆಂದು ಮನವರಿಕೆ ಮಾಡುವ ಹೊಣೆ ಅರ್ಜಿದಾರನದು. ಇದರಲ್ಲಿ ಅವಮಾನವೇನೂ ಇಲ್ಲ ಬಿಡಿ. ಬ್ಯಾಂಕಿನಲ್ಲಿ ನಾನು ಮಾಡಿದ್ದೂ ಅದೇ. ಸಾಲಕ್ಕೆ ಬಂದವನ ಜಾಮೀನು ನೋಡಿದ ಮೇಲೇ ನನ್ನ ಮುಖದಲ್ಲಿ ನಗು.

ಸಾಲಿನಲ್ಲಿ ನಿಂತಿದ್ದಾಗ 1998ರ ಒಂದು ಸಂಗತಿ ನೆನಪಾಯಿತು. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮೂರ ಕಡೆಯವರೊಬ್ಬರ ಮಗನಿಗೆ ಅಮೆರಿಕದಲ್ಲಿ ಸೀಟು ಸಿಕ್ಕಿತ್ತು. ಅವರು ಹತ್ತು ಜನರ ಹತ್ತಿರ ಕೈಗಡ ಮಾಡಿ ಖಾತೆಗೆ ಆರು ಲಕ್ಷ ತುಂಬಿ, "ಸರ್, ಒಂದು ಬ್ಯಾಲೆನ್ಸ್ ಸರ್ಟಿಫಿಕೇಟ್ ಕೊಡಿ" ಅಂದರು. ಆ ಹಣ ಹದಿನೈದು ದಿನದಲ್ಲಿ ಹೋಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಅಂದಿನ ತಾರೀಕಿಗೆ ಆರು ಲಕ್ಷ ಇದ್ದದ್ದು ನಿಜವಲ್ಲವೇ? ಹುಡುಗ ಹೋದ, ಓದಿದ, ಅಪ್ಪನ ಸಾಲ ತೀರಿಸಿದ.

ಫಲ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ನನ್ನ ಸಹಿ ಸರಿಯಾಯಿತೇ? ನಾನು ಬರೆದದ್ದು ಸುಳ್ಳಲ್ಲ. ಆದರೆ ಓದುವವನು ತಪ್ಪು ತಿಳಿಯಲಿ ಎಂದೇ ಬರೆದದ್ದು. ಇವೆರಡರ ನಡುವಿನ ಅಂತರ ಎಷ್ಟು ಅಂತ ಇವತ್ತಿಗೂ ಲೆಕ್ಕ ಹತ್ತಿಲ್ಲ.

ಕಿಟಕಿಯಾಚೆಯ ಅಧಿಕಾರಿ ನಾಲ್ಕೈದು ಪ್ರಶ್ನೆ ಕೇಳಿದರು. ಫೈಲು ಬಿಚ್ಚಲು ಹೇಳಲೇ ಇಲ್ಲ. ಕಾಗದದ ಮೇಲೆ ಅವರಿಗೆ ನಂಬಿಕೆ ಇಲ್ಲದಿದ್ದರೆ, ಅದಕ್ಕೆ ನನ್ನಂಥವರ ಸಹಿಗಳೂ ಕಾರಣ ಇರಬಹುದು. ಕೊನೆಗೆ ಕೇಳಿದರು, "ವಾಪಸ್ ಬರುತ್ತೀರಾ?" "ಬರುತ್ತೇವೆ" ಅಂದೆ. ವೀಸಾ ಕೊಟ್ಟರು.

ಇದೇ ಪ್ರಶ್ನೆಯನ್ನು 1981ರಲ್ಲಿ ಒಬ್ಬರು ಕೇಳಿದ್ದರು. ಆಗಿನ್ನೂ ಕೊಂಕಣ ರೈಲು ಇರಲಿಲ್ಲ. ಮುಂಬಯಿ ಬಸ್ಸು ಹತ್ತುವಾಗ ಅಮ್ಮ, "ವಾಪಾಸ್ ಬತ್ಯಾ ಮಗಾ?" ಅಂದಳು. "ಎರಡೇ ವರ್ಷ ಅಮ್ಮಾ, ಟ್ರಾನ್ಸ್‌ಫರ್ ತಕಂಡ್ ಬತ್ತೆ" ಅಂದೆ. ಅವಳು ಜಾಮೀನು ಕೇಳಲಿಲ್ಲ. ಮಾತು ಕೊಟ್ಟಾಗ ನನ್ನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಆಮೇಲೆ ಊರ ಕಡೆಗೆ ಟ್ರಾನ್ಸ್‌ಫರ್ ಬಂತು ಕೂಡ. ಮಕ್ಕಳ ಶಾಲೆ ಅಂತ ನಾನೇ ಬೇಡ ಅಂದೆ. ಅಮ್ಮ ಕಾಯುತ್ತಲೇ ಹೋದಳು.

ಅಮೆರಿಕದಿಂದ ಐದೇ ತಿಂಗಳಿಗೆ, ಗಡುವಿಗೆ ಮುಂಚೆಯೇ ಮರಳಿದೆ. ಸಂಶಯಪಟ್ಟವರಿಗೆ ಕೊಟ್ಟ ಮಾತು ಉಳಿಯಿತು. ನಂಬಿದವಳಿಗೆ ಕೊಟ್ಟದ್ದು ಉಳಿಯಲಿಲ್ಲ. ಕಾಯ್ದೆಗೆ ಹೆದರಿ ಮಾತು ಉಳಿಸಿಕೊಂಡವನನ್ನು ಪ್ರಾಮಾಣಿಕ ಅನ್ನಬಹುದೇ? ಊರಿನಲ್ಲೇ ಉಳಿದ ನೀವೇ ಹೇಳಿ.