ದೀನತೆಯೇ ಬೇರೆ, ದೈನ್ಯವೇ ಬೇರೆ



ಕೃಷ್ಣರಾಜಪುರದ ರೈಲು ನಿಲ್ದಾಣದ ಬಳಿಯ ತೂಗುಸೇತುವೆಯನ್ನು ನೀವು ಎಷ್ಟೋ ಸಲ ದಾಟಿರಬಹುದು. 2003ರಿಂದ ಅದು ಈ ಊರಿನ ಭಾರವನ್ನು ಹೊರುತ್ತಿದೆ. 2023ರ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೊ ರೈಲು ಓಡುತ್ತಿದೆ. ಇವುಗಳಿಗಾಗಿ ಬಿಸಿಲಿನಲ್ಲಿ ನಿಂತು ಕಬ್ಬಿಣ ಕಟ್ಟಿದವರು, ಕಾಂಕ್ರೀಟು ಹೊತ್ತವರು ಯಾರು? ನಾವು ಅರಿಯೆವು, ಕೇಳಿಯೂ ಇಲ್ಲ.

ಈಗ ನಮ್ಮ ದೇವಾಲಯಗಳ ಒಳಗೆ ಬನ್ನಿ. ಬೆಂಚಿನ ಬೆನ್ನಿಗೆ ಒಂದು ಹೆಸರು, ಫ್ಯಾನಿನ ರೆಕ್ಕೆಗೆ ಒಂದು ಹೆಸರು, ಗೋಡೆಯ ಅಮೃತಶಿಲೆಯಲ್ಲಿ ಹತ್ತಾರು ಹೆಸರು. ದಾನಿಗಳನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಕೃತಜ್ಞತೆಯೂ ಒಂದು ಸದ್ಗುಣವೇ. ಹಳಿಯುವುದಾದರೆ ಮೊದಲು ನನ್ನನ್ನೇ ಹಳಿದುಕೊಳ್ಳಬೇಕು. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಸಮುದಾಯ ಭವನವೊಂದನ್ನು ಕಟ್ಟಿಸಲು ಮೂರು ವರ್ಷ ಓಡಾಡಿದ್ದೆ. ಕೆಲಸ ಮುಗಿಯುವ ಮುನ್ನವೇ ನನಗೆ ವರ್ಗವಾಯಿತು. ಉದ್ಘಾಟನೆಗೆ ಅತಿಥಿಯಾಗಿ ಹೋದಾಗ ಫಲಕದಲ್ಲಿ ನನ್ನ ಹೆಸರಿರಲಿಲ್ಲ. ಅಂದಿನ ಬಲಿಪೂಜೆಯಲ್ಲಿ ಕೈಗಳು ಜೋಡಿಸಿದ್ದವು. ಮನಸ್ಸು ಮಾತ್ರ ಆ ಕಲ್ಲಿನ ಮೇಲೆಯೇ ಇತ್ತು. ಅಷ್ಟು ವರ್ಷ ದೀನತೆಯ ಕುರಿತು ಪ್ರಬೋಧನೆ ಮಾಡಿದವನಿಗೆ ತನ್ನ ದೀನತೆಯ ಅಳತೆ ಎಷ್ಟೆಂಬುದು ಅಂದು ತಿಳಿಯಿತು.

ಆ ದಿನಗಳಲ್ಲಿ ನನ್ನನ್ನು ತಿದ್ದಿದ್ದು ಒಬ್ಬ ಸಂತಳ ಬದುಕು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಧರ್ಮಭಗಿನಿಯರ ವೃದ್ಧಾಶ್ರಮವಿದೆ. ದಿಕ್ಕಿಲ್ಲದ ವೃದ್ಧರನ್ನು ಜಾತಿ ಮತ ಕೇಳದೆ ಸಲಹುವ ಮನೆ ಅದು. ಈ ಸಭೆಯನ್ನು ಸ್ಥಾಪಿಸಿದ ಸಂತ ಜಾನ್ ಜುಗಾನ್ 1792ರಲ್ಲಿ ಫ್ರಾನ್ಸಿನ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದವಳು. ಮನೆಗೆಲಸ ಮಾಡಿ ಬದುಕಿದವಳು. 1839ರ ಚಳಿಗಾಲದಲ್ಲಿ ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟಳು. ವೃದ್ಧರ ಸಂಖ್ಯೆ ಹೆಚ್ಚಿದಂತೆ ಬುಟ್ಟಿ ಹಿಡಿದು ಮನೆ ಮನೆಗೆ ಭಿಕ್ಷೆಗೆ ಹೊರಟಳು.

ಆದರೆ 1843ರಲ್ಲಿ ಸೋದರಿಯರು ಅವಳನ್ನೇ ಮತ್ತೆ ಮುಖ್ಯಸ್ಥೆಯನ್ನಾಗಿ ಆರಿಸಿದಾಗ, ಅವರ ಮಾರ್ಗದರ್ಶಕರಾಗಿದ್ದ ಯಾಜಕ ಲ ಪಾಯರ್ ಆ ಆಯ್ಕೆಯನ್ನು ರದ್ದುಗೊಳಿಸಿ ಬೇರೊಬ್ಬಳನ್ನು ನೇಮಿಸಿದರು. ಕಾಲಕ್ರಮೇಣ ಸಂಸ್ಥಾಪಕರ ಪಟ್ಟವನ್ನು ತಾವೇ ಧರಿಸಿದರು. 1852ರಲ್ಲಿ ಜಾನ್‌ಳನ್ನು ಮಾತೃಮಠಕ್ಕೆ ಕರೆಸಿಕೊಂಡು ಹೊರಗಿನ ಕೆಲಸದಿಂದ ದೂರವಿಟ್ಟರು. ಅಲ್ಲಿಂದ 27 ವರ್ಷ ಅವಳು ಹೊಸಬರ ನಡುವೆ ಸಾಮಾನ್ಯ ಸೋದರಿಯಾಗಿ ಬಾಳಿ 1879ರಲ್ಲಿ ಕಣ್ಣು ಮುಚ್ಚಿದಳು. ಈ ಮುದುಕಿಯೇ ತಮ್ಮ ಸಭೆಯ ತಾಯಿಯೆಂದು ಎಳೆಯ ಸೋದರಿಯರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಈ ಕಥೆಯನ್ನು ಓದಿದಾಗ ನನ್ನ ಫಲಕದ ನೋವು ನಾಚಿಕೆಯಾಗಿ ಮಾರ್ಪಟ್ಟಿತು. ಜಾನ್‌ಳಿಗೆ ಮುಖ್ಯವಾಗಿದ್ದುದು ವೃದ್ಧರಿಗೆ ಒಂದು ಬೆಚ್ಚಗಿನ ಹಾಸಿಗೆ ಸಿಕ್ಕಿತೇ ಎಂಬುದು. ಅದು ಸಿಗುತ್ತಿತ್ತು. ತನ್ನ ಹೆಸರನ್ನು ಅವಳು ದೇವರ ಕೈಗೆ ಒಪ್ಪಿಸಿದ್ದಳು.

ಆದರೂ, ಪ್ರಿಯರೇ, ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಒಂದು ಅಪಾಯವಿದೆ. ಆ ಅಪಾಯಕ್ಕೆ ನಾನೇ ಒಬ್ಬರನ್ನು ದೂಡಿದ್ದೇನೆ. ಅನೇಕ ವರ್ಷಗಳ ಹಿಂದೆ ಒಬ್ಬ ತಾಯಿ ಗುರುನಿವಾಸಕ್ಕೆ ಬಂದು, ಗಂಡ ಕುಡಿದು ಹೊಡೆಯುತ್ತಾನೆಂದು ಹೇಳಿಕೊಂಡು ಅತ್ತರು. “ಸ್ವಲ್ಪ ತಗ್ಗಿ ನಡೆಯಮ್ಮ, ದೀನತೆಯಿಂದ ಸಹಿಸಿಕೋ, ಪ್ರಭು ಯೇಸುವೂ ಸಹಿಸಿದರಲ್ಲವೇ?” ಎಂದೆ. ಅವರು “ಆಗಲಿ ಸ್ವಾಮಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ನಾಲ್ಕು ತಿಂಗಳ ನಂತರ ಅವರನ್ನು ಕಂಡದ್ದು ಆಸ್ಪತ್ರೆಯ ಮಂಚದ ಮೇಲೆ, ಮುರಿದ ಕೈಯೊಂದಿಗೆ. ಅಂದು ಅವರು ನನ್ನನ್ನು ದೂರಲಿಲ್ಲ. ನನ್ನ ಮಾತನ್ನು ಅಷ್ಟರಮಟ್ಟಿಗೆ ನಂಬಿದ್ದರು. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ನಾನು ಆ ತಾಯಿಗೆ ಬೋಧಿಸಿದ್ದು ದೀನತೆಯನ್ನಲ್ಲ, ದೈನ್ಯವನ್ನು. ನಮ್ಮ ನುಡಿಯಲ್ಲಿ ಈ ಎರಡು ಪದಗಳು ಒಂದೇ ಮೂಲದಿಂದ ಬಂದಿವೆ. ಆದರೆ ಬಾಳಿನಲ್ಲಿ ಅವುಗಳ ನಡುವೆ ಬಹಳ ದೂರವಿದೆ. ದೀನತೆ ತನ್ನ ಇಚ್ಛೆಯಿಂದ ಬಾಗುತ್ತದೆ. ದೈನ್ಯವನ್ನು ಇನ್ನೊಬ್ಬರು ತುಳಿದು ಬಾಗಿಸುತ್ತಾರೆ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದಿ ನೋಡಿ. ದೈವಸ್ವರೂಪಿಯಾಗಿದ್ದ ಕ್ರಿಸ್ತರು ತಮ್ಮನ್ನು ತಾವೇ ಬರಿದುಮಾಡಿಕೊಂಡರು. ಪವಿತ್ರ ಗುರುವಾರದಂದು ನಾವು ಸ್ಮರಿಸುವ ಪಾದಕ್ಷಾಳನವೂ ಹಾಗೆಯೇ: ಅಲ್ಲಿ ಮೊಣಕಾಲೂರಿದವರು ಗುರು, ಶಿಷ್ಯರಲ್ಲ. ಅದೇ ಯೇಸು ಅನ್ನನ ಮುಂದೆ ವಿಚಾರಣೆಗೆ ನಿಂತಾಗ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದನು. ಆಗ ಅವರು ಮರಳಿ ಹೊಡೆಯಲಿಲ್ಲ, ಮೌನವನ್ನೂ ವಹಿಸಲಿಲ್ಲ. ತಪ್ಪು ನುಡಿದಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ನೇರವಾಗಿ ಪ್ರಶ್ನಿಸಿದರು. ಸಂತ ಯೊವಾನ್ನರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಇದು ಇದೆ. ಆ ತಾಯಿ ಬಂದ ದಿನ ಅದು ನನ್ನ ನೆನಪಿಗೆ ಬರಲಿಲ್ಲ.

ಜಾನ್ ಜುಗಾನಳ ದೀನತೆಯೂ ಅವಳಿಗಾದ ಅನ್ಯಾಯವನ್ನು ನ್ಯಾಯವನ್ನಾಗಿ ಮಾಡಲಿಲ್ಲ. ರೋಮ್ ವಿಚಾರಣೆ ನಡೆಸಿ 1890ರಲ್ಲಿ ಆ ಯಾಜಕರನ್ನು ಅಧಿಕಾರದಿಂದ ತೆಗೆಯಿತು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಜಾನ್‌ಳನ್ನು ಸಂತಳೆಂದು ಘೋಷಿಸಿದರು. ಅವಳು ತನ್ನ ಹೆಸರನ್ನು ಬಿಟ್ಟುಕೊಟ್ಟದ್ದು ಪುಣ್ಯ. ಅದನ್ನು ಅವಳಿಂದ ಕಸಿದದ್ದು ಪಾಪ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು.

ಹಾಗಾದರೆ ದೀನತೆಯನ್ನು ಯಾರು ಯಾರಿಗೆ ಬೋಧಿಸಬೇಕು? ನಾನು ಕಂಡುಕೊಂಡ ಉತ್ತರ ಸರಳ. ಪ್ರತಿಯೊಬ್ಬನೂ ತನಗೆ ತಾನೇ ಬೋಧಿಸಿಕೊಳ್ಳಬೇಕು. ಗಂಡ ಹೆಂಡತಿಗೆ, ಅತ್ತೆ ಸೊಸೆಗೆ, ಯಜಮಾನ ಕೆಲಸದವಳಿಗೆ, ಗುರು ಭಕ್ತರಿಗೆ “ತಗ್ಗಿ ನಡೆ” ಎನ್ನುವಾಗ ಅಲ್ಲಿ ಕೇಳಿಬರುವುದು ಅಹಂಕಾರದ ದನಿ. ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು ಎಂಬುದು ಆವಿಲಾದ ಸಂತ ತೆರೇಸಳ ತಿಳಿವು. ನಾನು ತಪ್ಪಿದ್ದೇನೆ ಎಂದು ಒಪ್ಪಿಕೊಳ್ಳುವುದು ಸತ್ಯ. ನನ್ನನ್ನು ಹೊಡೆಯುವುದು ತಪ್ಪು ಎಂದು ಹೇಳುವುದೂ ಸತ್ಯ.

ಆಸ್ಪತ್ರೆಯಲ್ಲಿ ನಾನು ಆ ತಾಯಿಯ ಮುಂದೆ ಕೈಮುಗಿದು, “ತಪ್ಪು ಹೇಳಿದೆನಮ್ಮ, ಕ್ಷಮಿಸು” ಎಂದೆ. ಮೂರು ವಾಕ್ಯಗಳ ಪ್ರಬೋಧನೆಗಿಂತ ಆ ಒಂದು ಮಾತು ಕಷ್ಟವಾಗಿತ್ತು. ಈ ವಾರ ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಮಾತು ಸಲ್ಲಬೇಕಿದ್ದರೆ ಭಾನುವಾರದ ಬಲಿಪೂಜೆಗೆ ಮುಂಚೆಯೇ ಸಲ್ಲಿಸಿಬಿಡಿ. ಅದೇ ರೀತಿ ನಿಮ್ಮಲ್ಲಿ ಯಾರಾದರೂ ದೀನತೆಯ ಹೆಸರಿನಲ್ಲಿ ಏಟು ತಿನ್ನುತ್ತಿದ್ದರೆ, ದಯವಿಟ್ಟು ಬಾಯಿ ತೆರೆಯಿರಿ. ಕೇಳಿಸಿಕೊಳ್ಳಲು ಬೇಕಾದ ದೀನತೆಯನ್ನು ಪ್ರಭು ನಮ್ಮಂಥ ಗುರುಗಳಿಗೂ ದಯಪಾಲಿಸಲಿ.