ಆಲಿಸುವ ನ್ಯಾಯ, ನಿರ್ಣಯಿಸುವ ನ್ಯಾಯ

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ದೂರುದಾರೆಗೂ ಆರೋಪಿಗೂ ನ್ಯಾಯ ಸಲ್ಲಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲವಾದರೂ, ಈ ಎರಡನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಿ, ಒಬ್ಬರಿಗೆ ಸಂದಷ್ಟೂ ಇನ್ನೊಬ್ಬರಿಗೆ ನಷ್ಟವೆಂದು ಲೆಕ್ಕ ಹಾಕುವ ರೂಢಿ ಬಲವಾಗಿದೆ. ಈ ಲೆಕ್ಕಾಚಾರದ ಮೂಲದಲ್ಲೇ ದೋಷವಿದೆ. ದೂರುದಾರೆಗೆ ಸಲ್ಲಬೇಕಾದ ನ್ಯಾಯವು ಮುಖ್ಯವಾಗಿ ಆಕೆಯ ಮಾತನ್ನು ಹೇಗೆ ಆಲಿಸಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಆರೋಪಿಗೆ ಸಲ್ಲಬೇಕಾದ ನ್ಯಾಯವು ಏನು ಸಾಬೀತಾದ ಮೇಲೆ ಶಿಕ್ಷಿಸಬಹುದು ಎಂಬುದಕ್ಕೆ ಸಂಬಂಧಿಸಿದ್ದು. ಬೇರೆಬೇರೆ ಪ್ರಶ್ನೆಗಳ ಉತ್ತರಗಳು ಒಂದನ್ನೊಂದು ಕುಗ್ಗಿಸಬೇಕಾದ ಅಗತ್ಯವಿಲ್ಲ.

ಭಾರತದ ಕಾನೂನಿನ ಇತಿಹಾಸವೇ ಇದನ್ನು ತೋರಿಸುತ್ತದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಪ್ರಕರಣದಲ್ಲಿ, ಮೈಮೇಲೆ ಗಾಯಗಳಿಲ್ಲ, ಪ್ರತಿರೋಧದ ಕುರುಹಿಲ್ಲ ಎಂಬುದನ್ನು ಮುಂದಿಟ್ಟು ಸುಪ್ರೀಂ ಕೋರ್ಟ್ ಪೊಲೀಸರನ್ನು ಖುಲಾಸೆಗೊಳಿಸಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರವು ಆ ತೀರ್ಪನ್ನು ಪ್ರಶ್ನಿಸಿ, ಭಯದಿಂದ ಸುಮ್ಮನಾಗುವುದು ಸಮ್ಮತಿಯಲ್ಲವೆಂಬ ಸರಳ ಸತ್ಯವನ್ನು ಮುಂದಿಟ್ಟಿತು. ಅಲ್ಲಿ ಸೋತದ್ದು ಆರೋಪಿಯ ಹಕ್ಕಿಗೆ ತಲೆಬಾಗಿದ ನ್ಯಾಯವಲ್ಲ, ಹೆಣ್ಣಿನ ನಡತೆಯ ಬಗೆಗಿನ ಊಹೆಯನ್ನೇ ಸಾಕ್ಷ್ಯವೆಂದು ಬಗೆದ ನ್ಯಾಯ.

ಆನಂತರದ ಸುಧಾರಣೆಗಳಲ್ಲಿ ಹೆಚ್ಚಿನವು ಇಂತಹ ಊಹೆಗಳನ್ನು ಹೊರಹಾಕುವ ಯತ್ನಗಳೇ ಆಗಿವೆ. ದೂರುದಾರೆ ಒಟ್ಟಾರೆ ನಡತೆಗೆಟ್ಟವಳೆಂದು ತೋರಿಸಿ ಆಕೆಯ ಸಾಕ್ಷ್ಯವನ್ನು ದುರ್ಬಲಗೊಳಿಸಲು ಅವಕಾಶವಿತ್ತಿದ್ದ ಸಾಕ್ಷ್ಯ ಅಧಿನಿಯಮದ ಉಪಬಂಧವನ್ನು 2002ರ ತಿದ್ದುಪಡಿ ಕೈಬಿಟ್ಟಿತು. ಕ್ರಿಮಿನಲ್ ಕಾನೂನಿನ ಸುಧಾರಣೆಗೆಂದು ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ಬೆನ್ನಿಗೆ ಬಂದ 2013ರ ತಿದ್ದುಪಡಿಯು ಸಮ್ಮತಿಯೆಂದರೆ ಸ್ವಇಚ್ಛೆಯಿಂದ, ನಿಸ್ಸಂದಿಗ್ಧವಾಗಿ ವ್ಯಕ್ತವಾದ ಒಪ್ಪಿಗೆಯೆಂದು ವಿವರಿಸಿ, ದೈಹಿಕವಾಗಿ ಪ್ರತಿರೋಧಿಸದಿದ್ದ ಮಾತ್ರಕ್ಕೆ ಒಪ್ಪಿಗೆಯಿತ್ತೆಂದು ತಿಳಿಯಕೂಡದೆಂದಿತು. ಆದರೂ ಹಳೆಯ ಊಹೆಗಳು ಸುಲಭವಾಗಿ ಅಳಿಯುವುದಿಲ್ಲ: 2020ರಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ಬಳಿಕ ದೂರುದಾರೆ ನಿದ್ರೆಹೋದದ್ದು ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂಬ ಟೀಕೆ ಸೇರಿಕೊಂಡಿತ್ತು, ಆಕ್ಷೇಪಗಳು ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು. ಇಂತಹ ಟೀಕೆಯನ್ನು ಅಳಿಸುವುದರಿಂದ ಆರೋಪಿಯ ಯಾವ ನ್ಯಾಯಸಮ್ಮತ ಹಕ್ಕೂ ಕಡಿಮೆಯಾಗುವುದಿಲ್ಲ, ಏಕೆಂದರೆ ಅಸಂಬದ್ಧ ಸಾಕ್ಷ್ಯದಿಂದ ಪಾರಾಗುವ ಹಕ್ಕು ಯಾರಿಗೂ ಇರಲಿಲ್ಲ.

ಆದರೆ ಆಲಿಸುವುದು ಒಂದು, ನಿರ್ಣಯಿಸುವುದು ಇನ್ನೊಂದು. ಕ್ರಿಮಿನಲ್ ಮೊಕದ್ದಮೆಯನ್ನು ಹೂಡುವುದು ಪ್ರಭುತ್ವ. ವ್ಯಕ್ತಿಯೊಬ್ಬನ ಸ್ವಾತಂತ್ರ್ಯವನ್ನು ಕಸಿಯುವ ಶಕ್ತಿ ಅದರ ಕೈಯಲ್ಲಿರುವುದರಿಂದಲೇ ಪುರಾವೆಯ ಹೊರೆ, ಅಂದರೆ ತಪ್ಪನ್ನು ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಬಾಧ್ಯತೆ, ಅದರ ಮೇಲಿದೆ. ದೂರುದಾರೆಯ ನಂಬಲರ್ಹ ಹೇಳಿಕೆಯೊಂದೇ ಶಿಕ್ಷೆಗೆ ಸಾಕಾಗಬಹುದೆಂದು 1996ರ ಗುರ್ಮಿತ್ ಸಿಂಗ್ ತೀರ್ಪಿನಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಸುಳ್ಳು ಆರೋಪವೂ ಆರೋಪಿಗೆ ಅಷ್ಟೇ ಯಾತನೆ ತರಬಲ್ಲದೆಂದು 2008ರಲ್ಲಿ ಎಚ್ಚರಿಸಿತು. ಇವೆರಡರಲ್ಲಿ ವಿರೋಧವಿಲ್ಲ: ಹೇಳಿಕೆಯನ್ನು ಮೊದಲೇ ಶಂಕಿಸಕೂಡದು, ಪರೀಕ್ಷಿಸದೆ ಒಪ್ಪಲೂಕೂಡದು.

ಹಾಗಿದ್ದರೆ ಹೊರೆಯನ್ನೇ ಆರೋಪಿಯ ಹೆಗಲಿಗೆ ದಾಟಿಸುವ ನಿಯಮಗಳ ಗತಿಯೇನು? 1983ರಲ್ಲಿ ಬಂದ ನಿಯಮದಂತೆ, ಪೊಲೀಸ್ ವಶದಂತಹ ಸಂದರ್ಭಗಳಲ್ಲಿ ಲೈಂಗಿಕ ಸಂಪರ್ಕ ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ನುಡಿದರೆ, ಒಪ್ಪಿಗೆಯಿರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಠಾಣೆಯ ಬಾಗಿಲು, ದಾಖಲೆ, ಸಾಕ್ಷಿಗಳು ಎಲ್ಲವೂ ಆರೋಪಿಯ ಅಂಕೆಯಲ್ಲೇ ಇರುವಲ್ಲಿ ಈ ನಿಯಮ ಸಮರ್ಥನೀಯ. ಅದೇ ಕಾರಣಕ್ಕೆ, ಅಂತಹ ಅಧಿಕಾರದ ಅಸಮತೋಲನವಿಲ್ಲದ ಎಲ್ಲ ಪ್ರಕರಣಗಳಿಗೂ ಅದನ್ನು ಹಬ್ಬಿಸುವುದು ಸಮರ್ಥನೀಯವಲ್ಲ.

ಇಬ್ಬರ ನಡುವೆ ಮಾತ್ರ ನಡೆದ ಕೃತ್ಯಕ್ಕೆ ಇಷ್ಟು ಕಟ್ಟುನಿಟ್ಟಿನ ಪುರಾವೆ ಕೇಳಿದರೆ ನಿಜವಾಗಿ ನೊಂದವರೂ ಸೋಲುತ್ತಾರೆಂಬ ಆಕ್ಷೇಪ ಗಂಭೀರವಾದುದು, ಮತ್ತು ಪೂರ್ಣವಾಗಿ ಪರಿಹಾರವಾಗದ್ದು. ಶಿಕ್ಷೆಯ ಅಳತೆಗೋಲನ್ನು ಸಡಿಲಿಸಿದರೆ ಆ ಸಡಿಲಿಕೆಗೆ ಮೊದಲು ಬಲಿಯಾಗುವವರು ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಲಾಗದ ಬಡವರು ಮತ್ತು ದುರ್ಬಲ ಜಾತಿಗಳವರೇ ಆದ್ದರಿಂದ, ಪರಿಹಾರವನ್ನು ತ್ವರಿತ ತನಿಖೆ, ಘನತೆಯ ವೈದ್ಯಕೀಯ ಪರೀಕ್ಷೆ, ಮಿತಿಮೀರದ ಪಾಟೀಸವಾಲುಗಳಲ್ಲಿ ಅರಸಬೇಕು. ಜೊತೆಗೆ, ಸೆರೆವಾಸದ ಪ್ರಶ್ನೆಯಿಲ್ಲದ ಕಡೆ ಅಳತೆಗೋಲು ಬೇರೆಯಾಗಬಹುದು: ಕೆಲಸದ ಸ್ಥಳದ ಕಿರುಕುಳದ ಕುರಿತ 2013ರ ಕಾಯಿದೆಯಡಿ ಆಂತರಿಕ ಸಮಿತಿಯು ನಡೆಸುವುದು ಕ್ರಿಮಿನಲ್ ವಿಚಾರಣೆಯಲ್ಲ, ಆ ಕಾಯಿದೆ ದೂರುದಾರೆಯ ಗುರುತಿನೊಡನೆ ಪ್ರತಿವಾದಿಯ ಗುರುತನ್ನೂ ಗೋಪ್ಯವಾಗಿಡುತ್ತದೆ, ಮತ್ತು ದೂರನ್ನು ಸಾಬೀತುಪಡಿಸಲಾಗಲಿಲ್ಲವೆಂಬ ಒಂದೇ ಕಾರಣಕ್ಕೆ ದೂರುದಾರೆಯ ಮೇಲೆ ಕ್ರಮ ಜರುಗಿಸಬೇಕಾಗಿಲ್ಲವೆನ್ನುತ್ತದೆ.

ಈ ಕೊನೆಯ ಮಾತಿನಲ್ಲಿ ಇಡೀ ಸಮಾಜ ಕಲಿಯಬೇಕಾದ ವಿವೇಕವಿದೆ. ಖುಲಾಸೆಯೆಂದರೆ ಸಾಮಾನ್ಯವಾಗಿ ತಪ್ಪು ಸಾಬೀತಾಗಲಿಲ್ಲವೆಂದರ್ಥವೇ ಹೊರತು, ದೂರು ಸುಳ್ಳೆಂಬ ಪ್ರತ್ಯೇಕ ತೀರ್ಮಾನವಲ್ಲ. ಎಫ್‌ಐಆರ್ ದಾಖಲಾಯಿತೆಂದರೆ ತನಿಖೆ ಆರಂಭವಾಯಿತೆಂದರ್ಥವೇ ಹೊರತು, ಅಪರಾಧ ನಿರ್ಣಯವಾಯಿತೆಂದಲ್ಲ. ಖುಲಾಸೆಯಾದವನನ್ನು ಕಾನೂನು ಶಿಕ್ಷಿಸಕೂಡದೆಂಬ ನಿಯಮವೂ, ದೂರಿತ್ತವಳನ್ನು ಸುಳ್ಳುಗಾತಿಯೆಂದು ಜರೆಯಕೂಡದೆಂಬ ಸಂಯಮವೂ ಒಂದೇ ತತ್ತ್ವದಿಂದ ಹುಟ್ಟಿದವು: ಸಾಬೀತಾಗದ್ದನ್ನು ಯಾರ ಮೇಲೂ ಹೊರಿಸಬಾರದು.