ಗೊತ್ತಿಲ್ಲ ಎನ್ನುವ ಮಾತು

ತಂಗಿಯ ಮಗಳು ಮುಂಡರಗಿಯಿಂದ ಬಂದಿದ್ದಳು. ಎಂ.ಎ. ಓದುತ್ತಾಳೆ. ಮರುದಿನ ಅವಳ ಸೆಮಿನಾರು. ವಿಷಯ, ನಮ್ಮ ಗದಗ ತಾಲೂಕಿನ ಕಣಗಿನಹಾಳದ ಸಹಕಾರ ಸಂಘ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಅದು.

"ದೊಡ್ಡವ್ವ, ನಾ ಹೇಳತೀನಿ, ನೀ ಕೇಳು" ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ರೊಟ್ಟಿ ಬಡಿಯುತ್ತಲೇ ಕೇಳಿದೆ. ಹನ್ನೆರಡು ಸ್ಲೈಡು, ಹತ್ತು ನಿಮಿಷ, ಎಲ್ಲವೂ ಓದಿ ಒಪ್ಪಿಸಿದ್ದು! ಮೂವತ್ತು ವರ್ಷದ ಚಟ, ಸುಮ್ಮನಿರಲಾಗಲಿಲ್ಲ. ಒಂದು ಸ್ಲೈಡಿಗೆ ನಾಲ್ಕು ಸಾಲು ಸಾಕು, ಜನ ಓದಬೇಕೋ ನಿನ್ನ ಮಾತು ಕೇಳಬೇಕೋ? ಕೊನೆಯ ಬೆಂಚಿನವರನ್ನು ನೋಡಿ ಮಾತಾಡು ಎಂದೆ. "ಅಪರಿಮಿತ ಹೊಣೆ ಅಂದೆಲ್ಲ, ಹಂಗಂದ್ರೇನು?"

"ಪುಸ್ತಕದಾಗ ಹಂಗ ಐತಿ."

ಆ ಕಾಯಿದೆಯಡಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಇದ್ದ ನಿಯಮ ಅದು. ಸಂಘದ ಸಾಲ ತೀರದೆ ಹೋದರೆ ಸದಸ್ಯರು ತಮ್ಮ ಹೊಲಮನೆಯಿಂದಲೂ ತೀರಿಸಬೇಕು. ಇದನ್ನು ತಿಳಿಸಿ ಹೇಳಿದ ಮೇಲೆ ಅವಳ ದನಿಯೇ ಬದಲಾಯಿತು.

ಆಮೇಲೆ ಕೇಳಿದಳು: "ಗೊತ್ತಿಲ್ಲದ್ದು ಕೇಳಿದ್ರ? ನಮ್ಮ ಸೀನಿಯರ್ ಅಕ್ಕಾರು ಹೇಳ್ಯಾರ, ಧೈರ್ಯದಿಂದ ಏನರ ಹೇಳಿಬಿಡು, ಸುಮ್ಮನ ಮಾತ್ರ ನಿಲ್ಲಬ್ಯಾಡ ಅಂತ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

1993ರಲ್ಲಿ, ಬಿ.ಎಡ್. ಓದುವಾಗ, ಅಭ್ಯಾಸ ಪಾಠಕ್ಕೆ ಲಕ್ಷ್ಮೇಶ್ವರದ ಒಂದು ಶಾಲೆಗೆ ಹೋಗಿದ್ದೆ. ಅಂದು ಪಂಪನ ಪಾಠ. ತನ್ನ ಕನ್ನಡ ಪುಲಿಗೆರೆಯ ತಿರುಳುಗನ್ನಡ ಎಂದು ಪಂಪ ಹೇಳಿಕೊಂಡಿದ್ದಾನೆ, ಆ ಪುಲಿಗೆರೆಯೇ ನಿಮ್ಮ ಲಕ್ಷ್ಮೇಶ್ವರ ಎಂದೆ. ಒಬ್ಬ ಹುಡುಗಿ ಎದ್ದು ನಿಂತಳು. "ಪಂಪನ ಮನಿ ಎಲ್ಲಿತ್ರಿ ಟೀಚರ್?" ಹಿಂದೆ ವೀಕ್ಷಕರು ಪೆನ್ನು ಹಿಡಿದು ಕೂತಿದ್ದಾರೆ. "ಸೋಮೇಶ್ವರ ಗುಡಿಯ ಬಾಜೂಕ" ಎಂದುಬಿಟ್ಟೆ. ಹುಡುಗಿಯ ಮುಖ ಅರಳಿತು. "ನಮ್ಮ ಮನಿನೂ ಅಲ್ಲೇ ಐತ್ರಿ!" ಎನ್ನುತ್ತ ಕೂತು ಪಟ್ಟಿಯಲ್ಲಿ ಬರೆದುಕೊಂಡಳು. ಪ್ರಶ್ನೆಗೆ ಚುರುಕಾದ ಉತ್ತರ ಎಂದು ನನಗೆ ಒಳ್ಳೆಯ ಅಂಕ ಬಂತು.

ಯಾರ ಗಂಟು ಹೋಯಿತು ಅನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡೆ, ಒಂದು ಮಗುವಿಗೆ ಸಂತೋಷವಾಯಿತಲ್ಲ ಎಂದು. ಆದರೆ ನಾನು ತಡವರಿಸಿದ್ದರೆ ಅವಳು ನಂಬುತ್ತಿರಲಿಲ್ಲ. ನಡುಗುವವರ ಮಾತನ್ನು ಜನ ತೂಗಿ ನೋಡುತ್ತಾರೆ. ಚೆಂದ ಮಾತಾಡುವವರ ಮಾತನ್ನು ಹಾಗೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ಹುಡುಗಿಗೆ ಈಗ ನಲವತ್ತೈದರ ಆಸುಪಾಸು. ತನ್ನ ಮಕ್ಕಳಿಗೂ ಆ ಜಾಗ ತೋರಿಸಿರಬಹುದು.

ಇನ್ನೊಂದು ಮಾತೂ ಇದೆ. ಸಂಬಳ ಬರುವ ನನಗೆ "ಗೊತ್ತಿಲ್ಲ" ಎನ್ನುವುದು ಈಗ ಸಲೀಸು. ಹಳ್ಳಿಯಿಂದ ಬಂದ ಹುಡುಗಿ ಹಾಗೆಂದರೆ ದಡ್ಡಿ ಎನ್ನುತ್ತಾರೆ. ಗಂಡುಹುಡುಗ ಬುರುಡೆ ಬಿಟ್ಟರೆ ಚಾಲಾಕಿ ಎನ್ನುತ್ತಾರೆ. ಇದನ್ನು ಬಲ್ಲ ನಾನು ಅವಳಿಗೆ ಏನೆಂದು ಬುದ್ಧಿ ಹೇಳಲಿ? ಲಕ್ಷ್ಮೇಶ್ವರದ ಕಥೆಯನ್ನಷ್ಟೇ ಹೇಳಿದೆ. ತನಗೂ ಅಕ್ಕನಿಗೂ ಬುತ್ತಿ ಕಟ್ಟಿಕೊಂಡು ಹೊರಟ ನನ್ನ ಯಜಮಾನರು, "ಇದನ್ನ ನನಗ ಯಾವತ್ತೂ ಹೇಳಿಲ್ಲಲ್ಲ" ಎಂದರು. ಹೌದು, ಹೇಳಿರಲಿಲ್ಲ.

ಮರುದಿನ ಸಂಜೆ ಫೋನು ಬಂತು. ಮೊದಲ ಸದಸ್ಯರಲ್ಲಿ ಹೆಂಗಸರು ಎಷ್ಟು ಜನ ಇದ್ದರು ಎಂದು ಯಾರೋ ಕೇಳಿದರಂತೆ.

"ಗೊತ್ತಿಲ್ರಿ, ಹುಡುಕಿ ಹೇಳತೀನಿ ಅಂದೆ. ಹಿಂದ ಕೂತವ್ರು ನಕ್ಕರು ದೊಡ್ಡವ್ವ."

"ನನ್ನ ಮ್ಯಾಲೆ ಸಿಟ್ಟೇನವ್ವಾ?"

"ಸ್ವಲ್ಪ ಐತಿ. ಐತವಾರ ಕಣಗಿನಹಾಳಕ್ಕ ಹೊಂಟೀನಿ, ಹಳೇ ದಫ್ತರ ಯಾರರ ತೋರಿಸ್ತಾರೇನು ನೋಡಬೇಕು. ನೀನೂ ಬಾ."

ಹೋಗಬೇಕು. ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಸೋಮೇಶ್ವರನಿಗೆ ಕೈಮುಗಿದು ಬರುತ್ತೇನೆ. ಬಾಜೂಕಿನ ಮನೆಗಳ ಬಾಗಿಲು ತಟ್ಟುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.